ಮುಂದಿನ ಗಾಜಿಗೂ ಒಂದು ಸಾಲು ಕೊಡಿ: ಕಾರು ಕಂಪನಿಗಳಿಗೆ ಬಹಿರಂಗ ಪತ್ರ

ಕಾರು ತಯಾರಿಸುವ ಕಂಪನಿಗಳಿಗೆ, ಅವುಗಳನ್ನು ಮಾರುವ ಶೋರೂಮುಗಳಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹೊಸ ಕಾರು ಕೊಡುವ ಮುಂಚೆ ನೀವು ಒಂದು ಪಟ್ಟಿ ಹಿಡಿದು ಗಾಡಿ ಪರೀಕ್ಷೆ ಮಾಡುತ್ತೀರಿ. ಪಿಡಿಐ ಅಂತ ಅದನ್ನು ಕರೆಯುತ್ತೀರಿ. ಟೈರಿನ ಗಾಳಿ, ಬ್ಯಾಟರಿ, ಆಯಿಲ್, ಹಾರ್ನ್, ವೈಪರ್, ಎಸಿ, ಸ್ಟೆಪ್ನಿ, ಜಾಕ್, ಎಲ್ಲಕ್ಕೂ ಅದರಲ್ಲಿ ಟಿಕ್ ಹಾಕುವ ಜಾಗ ಇರುತ್ತದೆ. ನನ್ನ ಕಾರಿನ ಪಟ್ಟಿಯಲ್ಲಿ ಮುಂದಿನ ಗಾಜಿಗೆ ಮಾತ್ರ ಬೇರೆ ಸಾಲು ಇರಲಿಲ್ಲ. 'ಬಾಡಿ, ಗ್ಲಾಸ್ ಓಕೆ' ಎಂದು ಒಂದೇ ಟಿಕ್. ಬಂಪರಿನಿಂದ ಡಿಕ್ಕಿಯವರೆಗೆ ಎಲ್ಲವೂ ಅದರಲ್ಲೇ ಮುಗಿದಿತ್ತು. ಆ ಗಾಜಿಗೆ ಒಂದು ಸಾಲು ಕೊಡಿ. ಹಗಲು ಬೆಳಕಿನಲ್ಲಿ ನೋಡಿ. ರಿಜಿಸ್ಟ್ರೇಷನ್ ಆಗುವ ಮುಂಚೆ ಕೊಳ್ಳುವವರಿಗೂ ತೋರಿಸಿ. ಎಂಥ ಚುಕ್ಕೆ, ಎಲ್ಲಿ, ಎಷ್ಟು ಇದ್ದರೆ ಪರವಾಗಿಲ್ಲ ಎಂಬ ನಿಮ್ಮ ಅಳತೆಯನ್ನು ಬರೆದು ಕೊಡಿ. ಪತ್ರದ ಬೇಡಿಕೆ ಇಷ್ಟೇ.

ನನ್ನ ದೂರು ಗಾತ್ರದಲ್ಲಿ ಬಹಳ ಚಿಕ್ಕದು. ಸ್ಟೀರಿಂಗ್ ಮುಂದೆ ಕೂತರೆ ಕಣ್ಣಿನ ಮಟ್ಟದಲ್ಲೇ, ಸ್ವಲ್ಪ ಎಡಕ್ಕೆ, ಎರಡು ಗುಳ್ಳೆಗಳಿವೆ. ಪಕ್ಕದಲ್ಲಿ ಕೂದಲಿನ ತುಂಡಿನಂಥ ಒಂದು ಎಳೆ. ಗುಳ್ಳೆಗಳು ಒಂದೊಂದು ಮಿಲಿಮೀಟರ್ ಕೂಡ ಇಲ್ಲ. ಹೊರಗಿನಿಂದ ಉಜ್ಜಿದರೂ ಹೋಗಲ್ಲ, ಒಳಗಿನಿಂದ ಉಜ್ಜಿದರೂ ಹೋಗಲ್ಲ. ಉಗುರಿಗೆ ಯಾವ ಕಡೆಯೂ ತಾಕಲ್ಲ. ಅಂದರೆ ಅವು ಗಾಜಿನ ಮೇಲೆ ಇಲ್ಲ, ಗಾಜಿನ ಹೊಟ್ಟೆಯಲ್ಲಿವೆ.

ಸರ್ವಿಸ್ ಸೆಂಟರಿಗೆ ಒಯ್ದು ತೋರಿಸಿದಾಗ ಸಿಕ್ಕ ಮೊದಲ ಉತ್ತರ: 'ಸಾರ್, ಇದು ಎಲ್ಲಾ ಗಾಡಿಲೂ ಇರುತ್ತೆ.' ಎರಡನೆಯದು: 'ಗಾಜನ್ನ ನೋಡ್ಬೇಡಿ ಸಾರ್, ರೋಡ್ ನೋಡಿ.' ಮೂರನೆಯದು, ಸ್ವಲ್ಪ ದನಿ ತಗ್ಗಿಸಿ: 'ಗ್ಲಾಸಿಗೆ ವಾರಂಟಿ ಬರಲ್ಲ. ಬೇಕಾದ್ರೆ ಕಲ್ಲು ಬಿತ್ತು ಅಂತ ಬರೆದುಕೊಡಿ, ಇನ್ಶೂರೆನ್ಸಲ್ಲಿ ಹಾಕಿಸ್ಕೊಡ್ತೀವಿ.' ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಮೇಲಿನವರು ಕಲಿಸಿದ ಮಾತು ಇದು. ಅದಕ್ಕೇ ಮೇಲಿನವರಿಗೆ ಬರೆಯುತ್ತಿದ್ದೇನೆ.

'ಎಲ್ಲಾ ಗಾಡಿಲೂ ಇರುತ್ತೆ' ಎಂಬುದರಲ್ಲಿ ಅರ್ಧ ಸತ್ಯ ಇದೆ. ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ಕಾರಿನ ಮುಂದಿನ ಗಾಜು ಒಂದು ಹಾಳೆಯಲ್ಲ. ಎರಡು ತೆಳ್ಳಗಿನ ಗಾಜಿನ ಹಾಳೆ, ನಡುವೆ ಒಬ್ಬಟ್ಟಿನ ಹೂರಣದ ಹಾಗೆ ಪಾರದರ್ಶಕವಾದ ಒಂದು ಪ್ಲಾಸ್ಟಿಕ್ ಪದರ. ಆ ಪದರದ ಹೆಸರು ಪಾಲಿವಿನೈಲ್ ಬ್ಯುಟಿರಾಲ್, ಚಿಕ್ಕದಾಗಿ ಪಿವಿಬಿ. ಸಾಮಾನ್ಯವಾಗಿ 0.76 ಮಿಲಿಮೀಟರ್ ದಪ್ಪ. ಮೂರೂ ಸೇರಿ ಇಡೀ ಗಾಜು ಐದು ಮಿಲಿಮೀಟರ್ ಆಸುಪಾಸು. ಕಲ್ಲು ಬಡಿದಾಗ ಗಾಜು ಒಡೆದರೂ ಚೂರುಗಳು ಈ ಪದರಕ್ಕೆ ಅಂಟಿಕೊಂಡೇ ಇರುತ್ತವೆ, ಮುಖಕ್ಕೆ ಸಿಡಿಯುವುದಿಲ್ಲ. ಪಕ್ಕದ ಬಾಗಿಲಿನ ಗಾಜು ಸಾಮಾನ್ಯವಾಗಿ ಬೇರೆ ಜಾತಿ. ಅದನ್ನು ಕಾಯಿಸಿ ಥಟ್ಟನೆ ತಣ್ಣಗಾಗಿಸಿರುತ್ತಾರೆ, ಒಡೆದರೆ ಕಲ್ಲುಸಕ್ಕರೆ ಗಾತ್ರದ ಹರಳುಗಳಾಗಿ ಉದುರುತ್ತದೆ.

ಚುಕ್ಕೆ ಹುಟ್ಟಲು ಇಲ್ಲಿ ಅವಕಾಶ ಬೇಕಾದಷ್ಟಿದೆ. ಗಾಜಿನ ಹಾಳೆ ಹುಟ್ಟುವುದು ಕುಲುಮೆಯಲ್ಲಿ. ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಬಿಟ್ಟು ಹಾಳೆ ಮಾಡುತ್ತಾರೆ. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಜಗತ್ತಿಗೆ ತಿಳಿಸಿದ ವಿಧಾನ ಇದು. ಇವತ್ತಿಗೂ ಇದೇ ನಡೆಯುತ್ತಿದೆ. ಕುಲುಮೆಯಲ್ಲಿ ಗಾಳಿ ಪೂರ್ತಿ ಹೊರಬರದೆ ಉಳಿದರೆ ಹಾಳೆಯೊಳಗೇ ಸಣ್ಣ ಗುಳ್ಳೆ ಕೂರುತ್ತದೆ. ಮರಳೋ ಕುಲುಮೆಯ ಇಟ್ಟಿಗೆಯೋ ಚೂರು ಕರಗದೆ ಉಳಿದರೆ ಬಿಳಿ ಕಾಳಿನಂತೆ ಕಾಣುತ್ತದೆ. ಆಮೇಲೆ ಹಾಳೆಯನ್ನು 600 ಡಿಗ್ರಿ ದಾಟಿಸಿ ಕಾಯಿಸಿ ಕಾರಿನ ಆಕಾರಕ್ಕೆ ಬಗ್ಗಿಸುತ್ತಾರೆ. ಅಂಚಿನ ಕಪ್ಪು ಪಟ್ಟಿ ಉಳಿದ ಗಾಜಿಗಿಂತ ಜಾಸ್ತಿ ಶಾಖ ಹೀರುತ್ತದೆ. ಅದಕ್ಕೇ ಆ ಪಟ್ಟಿಯ ಪಕ್ಕದಲ್ಲಿ ಹೊರಗಿನ ನೋಟ ಸ್ವಲ್ಪ ಅಲೆ ಅಲೆಯಾಗಿ ಬಾಗುತ್ತದೆ. ಇದು ಬಹುತೇಕ ಎಲ್ಲ ಕಾರಲ್ಲೂ ಇರುವಂಥದ್ದು, ಇದಕ್ಕೆ ಜಗಳ ಆಡುವುದು ಬೇಡ.

ಕೊನೆಗೆ ಎರಡು ಹಾಳೆಗಳ ನಡುವೆ ಪಿವಿಬಿ ಇಡುತ್ತಾರೆ. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ನಾಜೂಕಿನ ಕೆಲಸ ಇದು. ಧೂಳಿಲ್ಲದ ಕೋಣೆಯಲ್ಲಿ, ತಲೆ ಮುಚ್ಚಿಕೊಂಡು, ಕೈಗೆ ಗ್ಲೌಸ್ ಹಾಕಿಕೊಂಡು ಮಾಡುತ್ತಾರೆ. ಅಷ್ಟಾದರೂ ಒಮ್ಮೊಮ್ಮೆ ಬಟ್ಟೆಯ ಎಳೆಯೋ ಕೂದಲೋ ಧೂಳಿನ ಕಣವೋ ಸೇರಿಕೊಂಡುಬಿಡುತ್ತದೆ. ಆಮೇಲೆ ಒತ್ತಡದ ಪಾತ್ರೆಯೊಳಗೆ ಸುಮಾರು 140 ಡಿಗ್ರಿ ಶಾಖದಲ್ಲಿ, ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹತ್ತು ಪಟ್ಟಿಗೂ ಜಾಸ್ತಿ ಒತ್ತಿ, ಮೂರನ್ನೂ ಒಂದು ಮಾಡುತ್ತಾರೆ. ಆಗ ಸರಿಯಾಗಿ ಹೊರಬರದ ಗಾಳಿ ಗುಳ್ಳೆಯಾಗಿ ಉಳಿಯುತ್ತದೆ. ನನ್ನ ಕಾರಿನ ಗುಳ್ಳೆ, ಎಳೆ ಎರಡೂ ಈ ಹಂತದ ಹುಟ್ಟು ಎಂದು ನನ್ನ ನಂಬಿಕೆ. ಎಳೆ ಇರುವುದು ಎರಡು ಹಾಳೆಗಳ ನಡುವೆ. ರಸ್ತೆಯಲ್ಲಿ ಹೋಗುವಾಗ ಕೂದಲು ಅಲ್ಲಿಗೆ ನುಗ್ಗಲು ದಾರಿ ಯಾವುದಿದೆ, ನೀವೇ ಹೇಳಿ.

ಇಷ್ಟು ದೊಡ್ಡ ಗಾಜು ಪೂರ್ತಿ ಚೊಕ್ಕವಾಗಿ ಬರಬೇಕು ಎಂದು ಯಾರೂ ಕೇಳುತ್ತಿಲ್ಲ. ಮೂಲೆಯಲ್ಲಿ ಒಂದು ಗುಳ್ಳೆ ಇದ್ದರೆ ನಾನಂತೂ ಬಾಯಿ ತೆರೆಯುತ್ತಿರಲಿಲ್ಲ. ವಿಷಯ ಇರುವುದು ಜಾಗದಲ್ಲಿ. ಯುರೋಪಿನ ದೇಶಗಳು ಪಾಲಿಸುವ ವಿಶ್ವಸಂಸ್ಥೆಯ 43ನೇ ನಿಯಮ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದೆ. ಅದು ಮುಂದಿನ ಗಾಜನ್ನು ವಲಯಗಳಾಗಿ ಭಾಗ ಮಾಡುತ್ತದೆ. ಚಾಲಕರ ಕಣ್ಣಿನ ಎದುರಿನ ಭಾಗ 'ಎ' ವಲಯ, ಅದರ ಸುತ್ತ ದೊಡ್ಡದಾಗಿ 'ಬಿ' ವಲಯ. ಗಾಜಿನ ಮೂಲಕ ನೋಟ ಎಷ್ಟು ಬಾಗಬಹುದು ಎಂಬುದಕ್ಕೆ 'ಎ'ದಲ್ಲಿ 2 ನಿಮಿಷ ಕೋನದ ಮಿತಿ, 'ಬಿ'ಯಲ್ಲಿ 6 ನಿಮಿಷ. ಒಂದು ಡಿಗ್ರಿಯಲ್ಲಿ 60 ನಿಮಿಷ ಇರುತ್ತದೆ ಎಂದು ನೆನಪಿಸಿಕೊಂಡರೆ ಇದು ಎಷ್ಟು ಬಿಗಿ ಎಂದು ತಿಳಿಯುತ್ತದೆ. ನಮ್ಮಲ್ಲಿಯೂ ವಾಹನದ ಗಾಜಿಗೆ ಐಎಸ್ 2553 ಭಾಗ 2 ಎಂಬ ಮಾನದಂಡ ಇದೆ. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ 70% ಬೆಳಕು ಬಿಡಬೇಕು, ಪಕ್ಕದ್ದು 50%. ಕಪ್ಪು ಫಿಲಂ ಹಾಕಿದವರನ್ನು ಪೊಲೀಸರು ನಿಲ್ಲಿಸಿ ದಂಡ ಹಾಕುವುದು ಈ ನಿಯಮದ ಮೇಲೆಯೇ. ಸುಪ್ರೀಂ ಕೋರ್ಟು 2012ರಲ್ಲಿ ಇದನ್ನು ಗಟ್ಟಿ ಮಾಡಿತು.

ಚಾಲಕರ ಕಣ್ಣಿಗೆ ಅಡ್ಡ ಬರಬಾರದು ಎಂಬ ತತ್ವ ನಿಮಗೂ ಗೊತ್ತು, ಸರ್ಕಾರಕ್ಕೂ ಗೊತ್ತು. ಗಾಜಿನ ಕಾರ್ಖಾನೆಯಿಂದ ಗಾಜು ತೆಗೆದುಕೊಳ್ಳುವಾಗ ಇಷ್ಟು ಗಾತ್ರದ ಗುಳ್ಳೆ ಈ ಜಾಗದಲ್ಲಿ ಇದ್ದರೆ ವಾಪಸ್ ಎಂಬ ಅಳತೆ ನಿಮ್ಮ ಹತ್ತಿರ ಇಲ್ಲದೆ ಇರುತ್ತದೆಯೇ? ಇಷ್ಟು ದೊಡ್ಡ ವ್ಯಾಪಾರ ಬಾಯಿಮಾತಿನ ಮೇಲೆ ನಡೆಯುವುದಿಲ್ಲ. ಆ ಅಳತೆ ಗಾಜು ಮಾಡುವವರಿಗೆ ಕೊಡುತ್ತೀರಿ. ದುಡ್ಡು ಕೊಟ್ಟು ಕಾರು ಕೊಳ್ಳುವವರಿಗೆ ಯಾಕೆ ಕೊಡುವುದಿಲ್ಲ?

'ರೋಡ್ ನೋಡಿ' ಎಂಬ ಉತ್ತರಕ್ಕೆ ಒಂದು ಹಳೆಯ ಕಥೆ ಇದೆ. 1954ರ ಏಪ್ರಿಲ್‌ನಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಜನ ಇದ್ದಕ್ಕಿದ್ದಂತೆ ತಮ್ಮ ಕಾರಿನ ಗಾಜಿನಲ್ಲಿ ಸಣ್ಣ ಸಣ್ಣ ಗುಳಿ ಕಂಡು ಗಾಬರಿಯಾದರು. ಮೊದಲು ಅದರ ಉತ್ತರದ ಬೆಲಿಂಗ್‌ಹ್ಯಾಂ ಊರಿನಲ್ಲಿ ಶುರುವಾದದ್ದು ಸಿಯಾಟಲ್‌ಗೆ ಬಂತು. ಕೆಲವೇ ದಿನದಲ್ಲಿ ಸಾವಿರಾರು ದೂರು. ಹೈಡ್ರೋಜನ್ ಬಾಂಬ್ ಪರೀಕ್ಷೆಯ ಬೂದಿ ಎಂದರು ಕೆಲವರು, ಮರಳಿನ ಹುಳ ಎಂದರು ಇನ್ನು ಕೆಲವರು. ನಗರದ ಮೇಯರ್ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಸಹಾಯ ಕೇಳಿ ಬರೆದರು. ಕೊನೆಗೆ ತಿಳಿದದ್ದು, ಬಹುಪಾಲು ಗುಳಿಗಳು ರಸ್ತೆಯ ಕಲ್ಲು ಮಣ್ಣಿನಿಂದ ಎಂದಿನಂತೆ ಆದವು. ಅಲ್ಲಿಯವರೆಗೆ ಗಾಜಿನ ಮೂಲಕ ನೋಡುತ್ತಿದ್ದ ಜನ ಆಗ ಗಾಜನ್ನೇ ನೋಡಲು ಶುರು ಮಾಡಿದ್ದರು, ಅಷ್ಟೇ.

ಈ ಕಥೆ ನಿಮ್ಮ ಕಡೆಗೇ ವಾಲುತ್ತದೆ ಎಂದು ನಿಮಗೆ ಅನಿಸಬಹುದು. ನನಗೆ ಹಾಗೆ ಅನಿಸಲ್ಲ. ಸಿಯಾಟಲ್‌ನ ಗುಳಿಗಳು ಓಡಿದ ಕಾರಿನ ಸವೆತ. ಗಾಜಿನ ಮೇಲ್ಮೈಯಲ್ಲಿ, ಉಗುರಿಗೆ ಸಿಗುವಂತೆ ಇದ್ದವು. ಶೋರೂಮಿನಿಂದ ಹೊರಬಂದ ವಾರದಲ್ಲೇ, ಗಾಜಿನ ಒಳಗೆ ಇರುವ ಗುಳ್ಳೆಗೆ ಆ ಉತ್ತರ ಹೊಂದುವುದಿಲ್ಲ. ಇನ್ನೊಂದು ವಿಷಯ, ಚುಕ್ಕೆಯನ್ನು ನೋಡದೆ ಇರುವುದು ಯಾವಾಗಲೂ ನಮ್ಮ ಕೈಯಲ್ಲಿ ಇರುವುದಿಲ್ಲ. ದೂರದ ರಸ್ತೆ ನೋಡುವಾಗ ಹತ್ತಿರದ ಚುಕ್ಕೆ ಮಸುಕಾಗಿ ಎರಡೆರಡಾಗಿ ಕಾಣುತ್ತದೆ. ಹಗಲಲ್ಲಿ ಮನಸ್ಸು ಅದನ್ನು ಪಕ್ಕಕ್ಕೆ ತಳ್ಳುತ್ತದೆ, ನಿಜ. ಚಳಿಗಾಲದ ಸಂಜೆ ಬೆಂಗಳೂರಿನಿಂದ ಮೈಸೂರಿಗೆ ಬಂದು ನೋಡಿ. ಮದ್ದೂರು ದಾಟಿದ ಮೇಲೆ ಸೂರ್ಯ ರಸ್ತೆಯ ತುದಿಯಲ್ಲೇ ಕೂತಿರುತ್ತಾನೆ. ಗುಳ್ಳೆ ಒಂದು ಪುಟ್ಟ ಮಸೂರದ ಕೆಲಸ ಮಾಡಿ ಬೆಳಕನ್ನು ಚೆಲ್ಲುತ್ತದೆ, ಅದು ಇರುವ ಕಡೆ ಒಂದು ನಕ್ಷತ್ರ ಹೊತ್ತಿಕೊಳ್ಳುತ್ತದೆ. ರಾತ್ರಿ ಎದುರಿನವರು ಹೈ ಬೀಮ್ ಹಾಕಿಕೊಂಡು ಬಂದರೂ ಇದೇ ಕಥೆ. ನಮ್ಮ ರಸ್ತೆಗಳಲ್ಲಿ ಹೈ ಬೀಮ್ ಇಳಿಸುವವರು ಎಷ್ಟು ಜನ ಇದ್ದಾರೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಈಗ ಮೂರನೆಯ ಉತ್ತರಕ್ಕೆ ಬರುತ್ತೇನೆ. ನನಗೆ ನಿಜವಾಗಿ ಬೇಸರ ತಂದದ್ದು ಅದು.

ಗಾಜಿಗೆ ವಾರಂಟಿ ಇಲ್ಲ ಎಂದರು. ಮನೆಗೆ ಬಂದು ವಾರಂಟಿ ಪುಸ್ತಕ ತೆಗೆದು ಓದಿದೆ. ಹೊರಗಿನ ಹೊಡೆತದಿಂದ ಒಡೆದ ಗಾಜು, ಗೀರು, ಬಿರುಕು ಇವಕ್ಕೆ ವಾರಂಟಿ ಇಲ್ಲ ಎಂದು ಇದೆ. ಸರಿಯಾದ ಮಾತೇ. ಲಾರಿಯ ಚಕ್ರದಿಂದ ಹಾರಿದ ಕಲ್ಲಿಗೆ ನೀವು ಯಾಕೆ ಹೊಣೆ ಹೊರಬೇಕು? ಆದರೆ ಸಾಮಗ್ರಿಯಲ್ಲಿ ಅಥವಾ ತಯಾರಿಕೆಯಲ್ಲಿ ದೋಷ ಇದ್ದರೆ ಸರಿಪಡಿಸುತ್ತೇವೆ ಎಂಬ ಮಾತು ಅದೇ ಪುಸ್ತಕದಲ್ಲಿದೆ. ತಯಾರಿಕೆಯ ದೋಷಕ್ಕೆ ಗಾಜು ಹೊರತು ಎಂದು ಎಲ್ಲೂ ಬರೆದಿಲ್ಲ. ಒಡೆದ ಗಾಜಿನ ನಿಯಮವನ್ನು ಒಡೆಯದ ಗಾಜಿನ ಮೇಲೆ ಹೇರುತ್ತಿದ್ದೀರಿ. ಅದನ್ನು ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಕಳಿಸುತ್ತಾರೆ. ಬರೆದು ಕೊಡಿ ಎಂದರೆ ಯಾರೂ ಬರೆದು ಕೊಡುವುದಿಲ್ಲ.

ಇನ್ಶೂರೆನ್ಸ್ ದಾರಿ ಇನ್ನೂ ಕೆಟ್ಟದ್ದು. ವಿಮೆ ಇರುವುದು ಅಪಘಾತಕ್ಕೆ, ಹೊರಗಿನಿಂದ ಆದ ಹಾನಿಗೆ. ಬೀಳದ ಕಲ್ಲು ಬಿತ್ತು ಎಂದು ಸಹಿ ಹಾಕಿದರೆ ಅದು ಸುಳ್ಳು ಕ್ಲೇಮು. ಸಹಿ ನನ್ನದು, ಲಾಭ ಇನ್ಯಾರದ್ದೋ. ದುಡ್ಡಿನ ಲೆಕ್ಕವನ್ನೂ ನೋಡಿ. ಗಾಜಿಗೆ ಸವಕಳಿ ಕಳೆಯುವುದಿಲ್ಲ, ಅದು ಒಳ್ಳೆಯದೇ. ಆದರೆ ಕಡ್ಡಾಯವಾಗಿ ನಾವು ಹಾಕಿಕೊಳ್ಳಬೇಕಾದ ಪಾಲು ಇದೆ. 1500 ಸಿಸಿ ತನಕದ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000. ಮೊದಲ ವರ್ಷ ಕ್ಲೇಮ್ ಮಾಡದೆ ಇದ್ದರೆ ಸಿಗುವ 20% ನೋ ಕ್ಲೇಮ್ ಬೋನಸ್ ಹೋಗುತ್ತದೆ, ಅದನ್ನು ಉಳಿಸುವ ಆ್ಯಡ್-ಆನ್ ಕೊಂಡಿಲ್ಲದಿದ್ದರೆ. ಆ ಬೋನಸ್ ವರ್ಷದಿಂದ ವರ್ಷಕ್ಕೆ 50% ತನಕ ಏರುವಂಥದ್ದು. ನಿಮ್ಮ ಕಾರ್ಖಾನೆಯಲ್ಲಿ ಉಳಿದ ಗಾಳಿಗೆ ನಾನು ಬೋನಸ್ ಕಳೆದುಕೊಳ್ಳಬೇಕು. ನ್ಯಾಯವಾ ಇದು?

ಎಲ್ಲ ಚುಕ್ಕೆಯೂ ಕಂಪನಿಯ ತಪ್ಪಲ್ಲ ಎಂದು ನಾನೂ ಹೇಳುತ್ತೇನೆ. ಕೆಲವು ಹುಟ್ಟುವುದು ದಾರಿಯಲ್ಲಿ, ಕೆಲವು ಯಾರ್ಡಿನಲ್ಲಿ. ಕಾರು ಹರಿಯಾಣದಿಂದಲೋ ಗುಜರಾತಿನಿಂದಲೋ ಟ್ರೈಲರ್ ಮೇಲೆ ಸಾವಿರಾರು ಕಿಲೋಮೀಟರ್ ಬರುತ್ತದೆ, ದಾರಿಯಲ್ಲಿ ಕಲ್ಲು ತಾಕಬಹುದು. ಊರಾಚೆಯ ಸ್ಟಾಕ್‌ಯಾರ್ಡಿನ ಪಕ್ಕದಲ್ಲಿ ವೆಲ್ಡಿಂಗ್ ಶೆಡ್ ಇದ್ದರೆ ಗ್ರೈಂಡರಿನ ಕಿಡಿ ಹಾರಿ ಬರುತ್ತದೆ. ಆ ಬಿಸಿ ಕಬ್ಬಿಣದ ಕಣ ಗಾಜಿನ ಮೇಲೆ ಬಿದ್ದರೆ ಅಲ್ಲೇ ಕರಗಿ ಕಚ್ಚಿಕೊಳ್ಳುತ್ತದೆ. ಮೊದಲು ಕಂದು ಚುಕ್ಕೆ, ಕೆರೆದು ತೆಗೆದರೆ ಕೆಳಗೆ ಗುಳಿ. ಪಕ್ಕದಲ್ಲಿ ಯಾರಾದರೂ ಸ್ಪ್ರೇ ಪೇಂಟ್ ಹೊಡೆದರೆ ಒರಟು ಒರಟಾಗಿ ಹನಿ ಕೂರುತ್ತದೆ. ಬೋರ್‌ವೆಲ್ ನೀರು ಹೊಡೆದು ಬಿಸಿಲಿಗೆ ಬಿಟ್ಟರೆ ಉಪ್ಪಿನ ಕಲೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಒಣಬಟ್ಟೆಯ ಗೀರು. ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಅದು ಗಾಜಿಗಿಂತ ಗಟ್ಟಿ. ಡೆಲಿವರಿಯ ಗಡಿಬಿಡಿಯಲ್ಲಿ ಹುಡುಗರು ನೀರು ಹಾಕದೆ ಒರೆಸಿದರೆ, ಅಥವಾ ಒಣಗಾಜಿನ ಮೇಲೆ ವೈಪರ್ ಓಡಿಸಿದರೆ, ಬಿಲ್ಲಿನಂತೆ ಬಾಗಿದ ಗೀರು ಬೀಳುತ್ತದೆ.

ಇವನ್ನೆಲ್ಲ ಬೇರೆ ಬೇರೆ ಮಾಡುವುದು ಕಷ್ಟದ ಕೆಲಸವೇನಲ್ಲ. ಗಾಜನ್ನು ಚೆನ್ನಾಗಿ ತೊಳೆದು ಒಣಗಿಸಿ, ನೆರಳಿನಲ್ಲಿ ಆಕಾಶದ ಕಡೆಗೆ ನೋಡಿದರೆ ಚುಕ್ಕೆಗಳು ಕಾಣುತ್ತವೆ. ಹೊರಗಿನಿಂದ ಉಗುರು ಆಡಿಸಿ. ಉಬ್ಬು ತಾಕಿದರೆ ಏನೋ ಅಂಟಿಕೊಂಡಿದೆ. ಪೇಂಟಿನ ಹನಿಯಾದರೆ ಕಾರು ಹೊಳಪು ಮಾಡುವ ಡಿಟೇಲಿಂಗ್‌ನವರು ಬಳಸುವ ಜೇಡಿಯಂಥ ಕ್ಲೇಯಲ್ಲಿ, ಇಲ್ಲವೇ ಸೋಪಿನ ನೀರು ಹಾಕಿ ಹೊಸ ಬ್ಲೇಡನ್ನು ಮಟ್ಟವಾಗಿ ಹಿಡಿದು ತೆಗೆದರೆ ಹೋಗುತ್ತದೆ. ನೀರಿನ ಕಲೆ ಹೊಸದಾಗಿದ್ದರೆ ಹುಳಿಗೆ ಬಿಡುತ್ತದೆ. ಡೆಲಿವರಿ ದಿನ ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಡುತ್ತೀರಲ್ಲ, ಐದನೆಯದನ್ನು ಗಾಜಿಗೆ ಉಜ್ಜಿದರೂ ಸಾಕು. ಉಗುರು ಗುಳಿಯಲ್ಲಿ ಸಿಕ್ಕಿಕೊಂಡರೆ ಅದು ಏಟು. ಅದಕ್ಕೆ ರೆಸಿನ್ ತುಂಬಿ ಯುವಿ ಬೆಳಕಿನಲ್ಲಿ ಗಟ್ಟಿ ಮಾಡುವವರು ಎಲ್ಲ ದೊಡ್ಡ ಊರಲ್ಲೂ ಇದ್ದಾರೆ. ಯಾವ ಕಡೆಯೂ ತಾಕದೆ ಇದ್ದರೆ, ತಲೆಯನ್ನು ಆಚೀಚೆ ಆಡಿಸಿ ನೋಡಿದಾಗ ಚುಕ್ಕೆ ಗಾಜಿನ ದಪ್ಪದ ನಡುವೆ ನಿಂತಂತೆ ಕಂಡರೆ, ಅದು ಕಾರ್ಖಾನೆಯಿಂದಲೇ ಬಂದದ್ದು. ರೆಸಿನ್ ಅಲ್ಲಿಗೆ ಹೋಗುವುದಿಲ್ಲ. ಪಾಲಿಶ್ ಅಂತೂ ಬೇಡವೇ ಬೇಡ. ಸೀರಿಯಂ ಆಕ್ಸೈಡ್ ಎಂಬ ಪಾಲಿಶ್ ಪುಡಿಯಿಂದ ತೆಳ್ಳನೆಯ ಗೀರು ತೆಗೆಯಬಹುದು, ಆದರೆ ಒಂದೇ ಜಾಗದಲ್ಲಿ ಜಾಸ್ತಿ ಉಜ್ಜಿದರೆ ಗಾಜು ತಗ್ಗಾಗಿ ನೋಟವೇ ಬಾಗುತ್ತದೆ. ನನಗೆ ಒಬ್ಬರು 'ಪಾಲಿಶ್ ಮಾಡಿ ನೋಡೋಣ' ಎಂದರು. ಒಳಗಿನ ಗುಳ್ಳೆಗೆ ಹೊರಗೆ ಪಾಲಿಶ್! ಗಾಡಿಯ ಕೀ ವಾಪಸ್ ಇಸ್ಕೊಂಡು ಬಂದೆ.

ಹಾಗೆ ನೋಡಿದರೆ ಐದು ನಿಮಿಷದ ಪರೀಕ್ಷೆಯಲ್ಲಿ ಯಾರ ಹೊಣೆ ಎಂದು ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ. ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ಪಕ್ಕದ ಗಾಜಿನಲ್ಲಿ ಚೌಕ ಚೌಕದ ಮಚ್ಚೆ ಕಂಡು ಗಾಬರಿಯಾಗುವ ಗ್ರಾಹಕರೂ ಇದ್ದಾರೆ. ಅದು ಗಾಜನ್ನು ಹದ ಮಾಡಿದ ಗುರುತು, ದೋಷವಲ್ಲ. ಹೀಗೆ ವಿವರಿಸಿ ಹೇಳಿದರೆ ಯಾರೂ ಜಗಳ ಆಡುವುದಿಲ್ಲ. 'ಎಲ್ಲಾ ಗಾಡಿಲೂ ಇರುತ್ತೆ' ಎಂದು ಎಲ್ಲಕ್ಕೂ ಒಂದೇ ಉತ್ತರ ಕೊಟ್ಟರೆ ಮಾತ್ರ, ನೀವು ನಿಜ ಹೇಳುವ ಕಡೆಯೂ ಜನ ನಂಬುವುದಿಲ್ಲ.

ಡೆಲಿವರಿ ಬಗ್ಗೆ ಒಂದೆರಡು ಮಾತು. ನಮ್ಮ ಕಡೆ ಕಾರು ಮನೆಗೆ ಬರುವುದು ಒಳ್ಳೆಯ ದಿನ ನೋಡಿ. ಆಯುಧಪೂಜೆ, ವಿಜಯದಶಮಿ, ಯುಗಾದಿ ಬಂದರೆ ನಿಮ್ಮಲ್ಲಿ ಸಾಲು ಹಚ್ಚಿ ಗಾಡಿ ನಿಂತಿರುತ್ತವೆ. ರಾಹುಕಾಲದ ಮುಂಚೆ ಹೊರಡಬೇಕು, ಪುರೋಹಿತರು ಕಾಯುತ್ತಿರುತ್ತಾರೆ, ಅಜ್ಜಿ ಕುಂಕುಮ ಹಿಡಿದು ನಿಂತಿರುತ್ತಾರೆ. ಬಾನೆಟ್ ಮೇಲೆ ಹೂವಿನ ಹಾರ, ಗಾಜಿನ ಮೇಲೆ ಸ್ವಸ್ತಿಕ, ಫೋಟೋಗೆ ಕೇಕು. ಮೇಲಿನಿಂದ ಪ್ರಖರವಾದ ಲೈಟು ಬಿದ್ದು ಗಾಜಿನಲ್ಲಿ ನಮ್ಮದೇ ಮುಖ ಕಾಣುತ್ತಿರುತ್ತದೆ. ಆ ಹೊತ್ತಲ್ಲಿ ಯಾರು ಗುಳ್ಳೆ ಹುಡುಕುತ್ತಾರೆ? ಹುಡುಕಿದರೂ ಸಿಗುವುದಿಲ್ಲ. ಸಿಕ್ಕರೂ 'ಶುಭ ದಿನ ಇವತ್ತು, ಬೇಡ ಬಿಡಿ' ಎಂದು ಮನೆಯವರೇ ಸುಮ್ಮನಾಗಿಸುತ್ತಾರೆ. ಇದು ನಿಮಗೆ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ಕಾರು ನಮ್ಮ ಹೆಸರಿಗೆ ಆಗಿರುತ್ತದೆ. ನಂಬರ್ ಪ್ಲೇಟ್ ಕೂತಿರುತ್ತದೆ, ತೆರಿಗೆ ಕಟ್ಟಿಯಾಗಿರುತ್ತದೆ. ಕರ್ನಾಟಕದಲ್ಲಿ 10 ಲಕ್ಷ ದಾಟಿ 20 ಲಕ್ಷದ ತನಕದ ಪೆಟ್ರೋಲ್, ಡೀಸೆಲ್ ಕಾರಿಗೆ ಆಜೀವ ತೆರಿಗೆಯೇ 17%, ಅದರ ಮೇಲೆ ಸೆಸ್. ಅಷ್ಟು ಕಟ್ಟಿದ ಮೇಲೆ 'ಗಾಡಿ ಬದಲಾಯಿಸಿ' ಎಂದು ಕೇಳಲು ಬಾಯಿ ಬರುವುದಿಲ್ಲ, ಕೇಳಿದರೂ ಆಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಚಾಸಿ ನಂಬರ್ ಕೊಟ್ಟ ದಿನ ಗ್ರಾಹಕರನ್ನು ಯಾರ್ಡಿಗೆ ಕರೆಯಿರಿ. ಬೆಳಿಗ್ಗೆ ಹತ್ತು ಗಂಟೆಯ ಬೆಳಕಿನಲ್ಲಿ ತೊಳೆದ ಗಾಡಿ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಕೂರಿಸಿ. ನೋಡಿ ಸಹಿ ಹಾಕಲಿ. ಆಗ ನಾಳೆ ಯಾರಾದರೂ ರಸ್ತೆಯ ಕಲ್ಲೇಟನ್ನು ನಿಮ್ಮ ತಲೆಗೆ ಕಟ್ಟಲು ಬಂದರೆ ನಿಮ್ಮ ಹತ್ತಿರವೂ ಕಾಗದ ಇರುತ್ತದೆ. ಪೂಜೆ, ಹಾರ, ಕೇಕು ಆಮೇಲೆ ಸಾವಕಾಶವಾಗಿ ಆಗಲಿ.

ಹಾಗಾದರೆ ಚುಕ್ಕೆ ಕಂಡ ಕೂಡಲೇ ಗಾಜು ಬದಲಾಯಿಸಿ ಎನ್ನುತ್ತೀರಾ ಎಂದು ಕೇಳಬಹುದು. ಇಲ್ಲ. ಈ ವಿಷಯದಲ್ಲಿ ನನ್ನ ಜೊತೆಗಿನ ಬಹಳ ಜನರಿಗೆ ನನ್ನ ಮಾತು ಹಿಡಿಸುವುದಿಲ್ಲ. ಕಾರ್ಖಾನೆಯಲ್ಲಿ ಕೂರಿಸಿದ ಗಾಜನ್ನು ಕಿತ್ತು ಇನ್ನೊಂದು ಹಾಕುವುದು ಸಣ್ಣ ಕೆಲಸವಲ್ಲ. ಗಾಜನ್ನು ಬಾಡಿಗೆ ಪಾಲಿಯುರೆಥೇನ್ ಅಂಟಿನಿಂದ ಕೂರಿಸಿರುತ್ತಾರೆ. ಅದನ್ನು ತಂತಿಯಿಂದಲೋ ಬ್ಲೇಡಿನಿಂದಲೋ ಕೊಯ್ದು ಬಿಡಿಸುವಾಗ ಚೌಕಟ್ಟಿನ ಪೇಂಟಿಗೆ ಗೀರು ಬಿದ್ದರೆ ಅಲ್ಲಿಂದ ತುಕ್ಕು ಶುರು. ಅಂಟು ಸರಿಯಾಗಿ ಗಟ್ಟಿಯಾಗುವ ಮುಂಚೆ ಗಾಡಿ ಓಡಿಸಬಾರದು. ಗಾಜು ಬರೀ ಗಾಳಿ ತಡೆಯಲು ಅಲ್ಲವಲ್ಲ, ಗಾಡಿ ಪಲ್ಟಿಯಾದಾಗ ಮೇಲ್ಛಾವಣಿಗೆ ಬಲ ಕೊಡುವುದರಲ್ಲಿ ಅದರ ಪಾಲಿದೆ. ಹಲವು ಕಾರುಗಳಲ್ಲಿ ಎಡಗಡೆಯವರ ಏರ್‌ಬ್ಯಾಗ್ ಉಬ್ಬುವಾಗ ಅದನ್ನೇ ಆನಿಸಿಕೊಂಡು ನಿಲ್ಲುತ್ತದೆ. ಗಾಜಿನ ಮೇಲ್ಭಾಗದಲ್ಲಿ ಎಡಾಸ್ (ಚಾಲಕರಿಗೆ ನೆರವಾಗುವ ವ್ಯವಸ್ಥೆ) ಕ್ಯಾಮೆರಾ ಇದ್ದರೆ ಗಾಜು ಬದಲಾದ ಮೇಲೆ ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು. ಮೂಲೆಯ ಒಂದು ಚುಕ್ಕೆಗಾಗಿ ಇಷ್ಟೆಲ್ಲ ಮಾಡಿಸುವುದು ಬುದ್ಧಿವಂತಿಕೆಯಲ್ಲ. ಅಂಥ ಕಡೆ ಫೋಟೋ ತೆಗೆದು, ಸರ್ವಿಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಬರೆದು, 'ವಾರಂಟಿ ಮುಗಿಯುವ ಮುಂಚೆ ಇದು ಬೆಳೆದರೆ, ಪದರ ಬಿಟ್ಟುಕೊಂಡು ಮಂಜಾದರೆ, ನಾವು ಬದಲಾಯಿಸುತ್ತೇವೆ' ಎಂದು ಸಹಿ ಮಾಡಿಕೊಡಿ. ಯಾರಾದರೂ ಒಪ್ಪುತ್ತಾರೆ. ಕಣ್ಣಿನ ಎದುರೇ ಇದ್ದರೆ ಮಾತ್ರ ಬದಲಾಯಿಸಿ. ನಿಮ್ಮದೇ ಒಳ್ಳೆಯ ಕೆಲಸಗಾರರ ಕೈಯಲ್ಲಿ, ಅದೇ ದರ್ಜೆಯ ಗಾಜಿನಿಂದ, ನಿಮ್ಮ ಖರ್ಚಿನಲ್ಲಿ.

ಈ ಪತ್ರದ ಒಂದು ಪ್ರತಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಗೂ ಹೋಗುತ್ತದೆ. ಗಾಜಿನ ಮಾನದಂಡ ಬರೆಯುವ ಬಿಐಎಸ್ ಸಂಸ್ಥೆಯೂ, ಗ್ರಾಹಕರು ದೂರು ಹೇಳುವ 1915 ನಂಬರಿನ ಸಹಾಯವಾಣಿಯೂ ಅದೇ ಇಲಾಖೆಯ ಕೆಳಗೆ ಬರುತ್ತವೆ. ಇಲಾಖೆಯವರಲ್ಲಿ ನನ್ನ ಕೋರಿಕೆ ಏನೆಂದರೆ, ಗಾಜಿನ ಮೂಲೆಯಲ್ಲಿ ಮುದ್ರೆ ಇದ್ದರೆ ಸಾಲದು, ಚುಕ್ಕೆಯ ಮಿತಿ ಏನು ಎಂಬುದು ಕೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿ ಡೆಲಿವರಿ ಕಾಗದದಲ್ಲಿ ಇರಲಿ. ಕನ್ನಡದಲ್ಲಿಯೂ ಇರಲಿ.

ಗ್ರಾಹಕ ರಕ್ಷಣಾ ಕಾಯ್ದೆ, 2019 ದೋಷ ಎಂಬುದನ್ನು ಬಹಳ ಅಗಲವಾಗಿ ಹಿಡಿದಿದೆ. ಗುಣಮಟ್ಟದಲ್ಲಿ ಯಾವುದೇ ಕೊರತೆ ಇದ್ದರೂ ಅದು ದೋಷವೇ. ಆ ಗುಣಮಟ್ಟ ಕಾನೂನಿನದ್ದಾಗಿರಬಹುದು, ಒಪ್ಪಂದದ್ದಾಗಿರಬಹುದು, ಮಾರುವವರೇ ಹೇಳಿಕೊಂಡದ್ದಾಗಿರಬಹುದು. 50 ಲಕ್ಷದ ತನಕ ಕೊಟ್ಟು ಕೊಂಡ ವಸ್ತುವಿಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ನಾವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು. ಎರಡು ವರ್ಷದ ಒಳಗೆ ಕೊಟ್ಟರೆ ಸಾಕು. ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರವೂ ಆಯೋಗಕ್ಕಿದೆ, ಹಾಗೆ ಕಳಿಸಿದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ನಡೆಯುವುದು ಎಷ್ಟು ನಿಧಾನ ಎಂದು ಎಲ್ಲರಿಗೂ ಗೊತ್ತು. ಎರಡು ಗುಳ್ಳೆ, ಒಂದು ಎಳೆಗಾಗಿ ನಾನು ವಕೀಲರನ್ನು ಹುಡುಕಿಕೊಂಡು ಹೋಗಬೇಕು, ನೀವೂ ನಿಮ್ಮ ವಕೀಲರನ್ನು ಕಳಿಸಬೇಕು. ಗಾಜಿನ ಬೆಲೆಗಿಂತ ಅದೇ ಜಾಸ್ತಿಯಾಗುತ್ತದೆ. ಇಬ್ಬರಿಗೂ ಬೇಡದ ಕೆಲಸ, ಅಲ್ವಾ?

ನನ್ನ ಜಾಬ್ ಕಾರ್ಡ್ ಇನ್ನೂ ಮುಗಿದಿಲ್ಲ. ಗಾಜಿನ ಫೋಟೋ ಕಂಪನಿಗೆ ಹೋಗಿದೆಯಂತೆ, ಉತ್ತರ ಬರಬೇಕಂತೆ. ಬರಲಿ, ಕಾಯುತ್ತೇನೆ. ನನ್ನ ಒಂದು ಗಾಜು ಬದಲಾದರೆ ಈ ಪತ್ರದ ಕೆಲಸ ಆಗುವುದಿಲ್ಲ ಎಂದು ತಿಳಿದೇ ಇದನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ. ಉತ್ತರ ಕೊಡುವುದಾದರೆ ದಯವಿಟ್ಟು 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ' ಎಂದು ಶುರು ಮಾಡಬೇಡಿ. ಚಾಲಕರ ಕಣ್ಣಿನ ಎದುರಿನ ಜಾಗದಲ್ಲಿ ಎಷ್ಟು ಮಿಲಿಮೀಟರ್ ತನಕದ ಗುಳ್ಳೆಯನ್ನು ನೀವು ಪಾಸ್ ಮಾಡುತ್ತೀರಿ, ಆ ಅಂಕಿಯನ್ನು ಬರೆಯಿರಿ.

ಇಂತಿ,
ಮೈಸೂರಿನ ಒಬ್ಬ ಕಾರು ಗ್ರಾಹಕ